ಟ್ಯಾಂಗೋದಲ್ಲಿ ಲೀಡ್ ಮಾಡುವವರೇ, ಸ್ವಲ್ಪ ಕಾಯಿರಿ

ಟ್ಯಾಂಗೋ ಅಂದರೆ ಜೋಡಿಯಾಗಿ ಕುಣಿಯುವ ನೃತ್ಯ. ಒಬ್ಬರು ನಡೆಸುತ್ತಾರೆ, ಅದು ಲೀಡ್; ಇನ್ನೊಬ್ಬರು ಅನುಸರಿಸುತ್ತಾರೆ, ಅದು ಫಾಲೋ. ಈ ಕ್ಲಾಸಿಗೆ ಹೊಸದಾಗಿ ಬರುವ ಗಂಡಸರು ಜಾಸ್ತಿ ಮಾಡುವುದು ಒಂದೇ ಕೆಲಸ. ಕೈಯಿಂದ ತಳ್ಳುವುದು. ಹೆಂಗಸರಿಗೂ ಒಂದು ಅಭ್ಯಾಸ ಇರುತ್ತದೆ, ಮುಂದಿನ ಹೆಜ್ಜೆ ಏನಿರಬಹುದು ಅಂತ ಊಹಿಸಿ ಮೊದಲೇ ಇಟ್ಟುಬಿಡುವುದು. ಅವನು ಹೇಳಬೇಕು, ಅವಳು ಕೇಳಬೇಕು ಅಂದುಕೊಂಡೇ ಇಬ್ಬರೂ ಬಂದಿರುತ್ತಾರೆ ನೋಡಿ, ಅದಕ್ಕೇ ಹೀಗೆ.

ಲೀಡ್ ಬರುವುದು ಎದೆಯಿಂದ. ಅವಳ ಬೆನ್ನ ಮೇಲಿರುವ ಅವನ ಬಲಗೈ ಸುಮ್ನೆ ಇರಬೇಕು. ಮುಂದೆ ಹೋಗಬೇಕಾದರೆ ಮೊದಲು ಅವನ ಮೈಭಾರ ಒಂಚೂರು ಮುಂದಕ್ಕೆ ಬರುತ್ತದೆ, ಅದು ಅವಳಿಗೆ ತಿಳಿಯುತ್ತದೆ, ಭಾರವಿಲ್ಲದ ಕಾಲನ್ನು ಅವಳು ಹಿಂದಕ್ಕೆ ಚಾಚುತ್ತಾಳೆ, ಆಮೇಲೆ ಇಬ್ಬರೂ ಒಟ್ಟಿಗೆ ಹೆಜ್ಜೆ ಊರುತ್ತಾರೆ. ಅವಳ ಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಅವನಿಗೆ ಗೊತ್ತಿರಲೇಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಎಡವಟ್ಟು. ಅಂದರೆ ಲೀಡ್ ಮಾಡುವವನೂ ಅರ್ಧ ಹೊತ್ತು ಫಾಲೋ ಮಾಡುತ್ತಲೇ ಇರುತ್ತಾನೆ.

ಇದು ಚೆನ್ನಾಗಿ ಕಾಣುವುದು ಪರಾದಾ ಅನ್ನುವ ನಿಲುಗಡೆಯಲ್ಲಿ. ಅವನು ತನ್ನ ಪಾದವನ್ನು ಅವಳ ಪಾದಕ್ಕೆ ತಾಗಿಸಿ ಅವಳನ್ನು ನಿಲ್ಲಿಸುತ್ತಾನೆ. ಈಗ ಅವಳು ಅದನ್ನು ದಾಟಬೇಕು. ಯಾವಾಗ? ಅದು ಅವಳ ಇಷ್ಟ. ಟ್ಯಾಂಗೋ ಸಂಗೀತಗಾರ ಕಾರ್ಲೋಸ್ ಡಿ ಸಾರ್ಲಿ ಅವರ ಆರ್ಕೆಸ್ಟ್ರಾದ ವಯಲಿನ್‌ಗಳು ನಿಧಾನವಾಗಿ ಎಳೆಯುತ್ತಿದ್ದರೆ, ಪಳಗಿದವಳು ಶೂ ತುದಿಯನ್ನು ಅವನ ಶೂಗೆ ಮೆಲ್ಲಗೆ ಉಜ್ಜಿ, ನೆಲದ ಮೇಲೆ ಸಣ್ಣದೊಂದು ಗೆರೆ ಎಳೆದು, ಸಂಗೀತದ ಆ ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ ದಾಟುತ್ತಾಳೆ. ಅಲ್ಲಿಯವರೆಗೆ ಅವನು ಕಂಬದ ಹಾಗೆ ನಿಂತಿರಬೇಕು. ಅವಸರದವರು ಸಿಕ್ಕಿಬೀಳುವುದು ಇಲ್ಲೇ!

ಇನ್ನು, ‘ಗಂಡಸರಿಗೆ ಫಾಲೋ ಮಾಡೋದು ಒಗ್ಗಲ್ಲ’ ಅನ್ನುವವರಿದ್ದಾರೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೋದ ಸುವರ್ಣಕಾಲ ಅಂದರೆ ಸುಮಾರು 1935ರಿಂದ 1955. ಆಗ ಗಂಡಸರು ಗಂಡಸರೊಂದಿಗೇ ಸೇರಿ ಕಲಿಯುವ ಪ್ರಾಕ್ಟಿಕಾಗಳು, ಅಂದರೆ ಅಭ್ಯಾಸದ ಕೂಟಗಳು, ಇದ್ದವು. ಹೊಸ ಹುಡುಗ ಮೊದಲು ಹಿರಿಯರ ಜೊತೆ ಫಾಲೋ ಮಾಡಿ ಕಲಿಯಬೇಕಿತ್ತು. ಲೀಡ್ ಮಾಡುವ ಸರದಿ ಆಮೇಲೆ. ಈಗ ಅದೇ ಊರಿನಲ್ಲಿ ಕ್ವೀರ್ ಟ್ಯಾಂಗೋ ಕೂಟಗಳೂ ಇವೆ, ಅಲ್ಲಿ ಯಾರು ಯಾವ ಪಾತ್ರವನ್ನಾದರೂ ಹಿಡಿಯಬಹುದು, ಹಾಡಿನ ಮಧ್ಯೆಯೇ ಅದಲುಬದಲು ಮಾಡಿಕೊಳ್ಳುವವರೂ ಇದ್ದಾರೆ.

ಹಳೇ ಪದ್ಧತಿಯ ಮಿಲೋಂಗಾದಲ್ಲೂ, ಅಂದರೆ ಟ್ಯಾಂಗೋ ಕುಣಿಯಲು ಸೇರುವ ಕೂಟದಲ್ಲೂ, ಎಲ್ಲವೂ ಗಂಡಸಿನ ಕೈಯಲ್ಲಿರಲಿಲ್ಲ. ಅವನು ದೂರದಿಂದಲೇ ತಲೆಯಾಡಿಸಿ ಕುಣಿಯಲು ಕರೆಯುತ್ತಾನೆ, ಸರಿ, ಆದರೆ ಅವಳು ಕಣ್ಣಿಗೆ ಕಣ್ಣು ಕೊಟ್ಟರೆ ತಾನೇ? ಬೇಡ ಅನಿಸಿದರೆ ಬೇರೆ ಕಡೆ ನೋಡುತ್ತಾಳೆ. ಅಲ್ಲಿಗೆ ಮುಗಿಯಿತು, ಯಾರಿಗೂ ಮುಜುಗರವಿಲ್ಲ.

ನನ್ನ ಕ್ಲಾಸಿನಲ್ಲಿ ಲೀಡ್ ಕಲಿಯಲು ಬಂದವರೆಲ್ಲರೂ ಫಾಲೋ ಕೂಡ ಮಾಡಬೇಕು. ಗೊಣಗುತ್ತಾರೆ. ಪರವಾಗಿಲ್ಲ. ಇನ್ನೊಬ್ಬರನ್ನು ನಂಬಿ ತುಂಬಿದ ಹಾಲ್‌ನಲ್ಲಿ ಹಿಮ್ಮುಖವಾಗಿ ನಡೆದು, ಒಂದು ಸಲ ಬೆನ್ನಿಗೆ ಬೇರೆ ಜೋಡಿಯ ಮೊಣಕೈ ತಗುಲಿತು ಅಂದರೆ, ತಾವು ಲೀಡ್ ಮಾಡುವಾಗ ಅವಳ ಹಿಂದೆ ಜಾಗ ಇದೆಯಾ ಅಂತ ಮೊದಲು ನೋಡುತ್ತಾರೆ.