ಮದ್ದು, ಗುಂಡು ಮತ್ತು ‘ನಕಲಿ ಗುಂಡು’

ಚಿತ್ರೀಕರಣದ ವೇಳೆ ಬಂದೂಕಿನಿಂದ ಜೀವ ಹೋದ ಸುದ್ದಿ ಕನ್ನಡದಲ್ಲಿ ಬಂದಾಗಲೆಲ್ಲ ಅದರ ಜೊತೆಗೆ ‘ನಕಲಿ ಗುಂಡು’ ಎಂಬ ಮಾತೂ ಬರುತ್ತದೆ. 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಚಿತ್ರದ ತಾಲೀಮು ನಡೆಯುತ್ತಿದ್ದಾಗ ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ರಿವಾಲ್ವರ್ ಸಿಡಿದು ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು, ನಿರ್ದೇಶಕ ಜೋಯಲ್ ಸೋಜಾ ಗಾಯಗೊಂಡರು. ಆ ಚಿತ್ರ 2025ರಲ್ಲಿ ತೆರೆಕಂಡ ಮೇಲೆ ಪ್ರೇಕ್ಷಕರ ಮಾತಿನಲ್ಲೂ ಅದೇ ಪದ ಮರಳಿತು. ನಕಲಿ ಗುಂಡೂ ಕೊಲ್ಲಬಲ್ಲದು ಎಂದು ಕೆಲವರು, ನಕಲಿ ಗುಂಡಿನಿಂದ ಸಾವು ಹೇಗಾದೀತು ಎಂದು ಕೆಲವರು. ಇವರು ಎರಡು ಬೇರೆ ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಹೆಸರಿನಲ್ಲಿ ವಾದಿಸುತ್ತಿದ್ದರು; ಆ ದಿನ ರಿವಾಲ್ವರಿನಿಂದ ಹಾರಿದ್ದು ಆ ಎರಡರಲ್ಲಿ ಯಾವುದೂ ಅಲ್ಲ. ಈ ಗೊಂದಲಕ್ಕೆ ಕನ್ನಡದಲ್ಲಿ ಕಾರಣವೇ ಇರಬಾರದಿತ್ತು, ಏಕೆಂದರೆ ಬೇಕಾದ ವ್ಯತ್ಯಾಸವನ್ನೆಲ್ಲ ನಮ್ಮ ‘ಮದ್ದುಗುಂಡು’ ಎಂಬ ಜೋಡುಪದ ಮೊದಲೇ ಮಾಡಿಟ್ಟಿದೆ.

ಮದ್ದು ಎಂದರೆ ಔಷಧಿ. ಸಿಡಿಯುವ ಪುಡಿಗೂ ಅದೇ ಹೆಸರು ಬಂದದ್ದು ಕನ್ನಡದ ವಿಚಿತ್ರವೇನಲ್ಲ: ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಎಲ್ಲವೂ ಈ ಎರಡು ಅರ್ಥಗಳನ್ನು ಹೊತ್ತಿವೆ. ಉರ್ದುವಿನ ದಾರು ಔಷಧಿಯೂ ಹೌದು, ಸಿಡಿಮದ್ದೂ ಹೌದು, ಮದ್ಯವೂ ಹೌದು. ಈ ಪುಡಿಯನ್ನು ಮೊದಲು ಕಂಡುಕೊಂಡ ಚೀನಾದವರು ಅದನ್ನು ಕರೆದದ್ದೂ ‘ಹುವೊಯಾವೊ’, ಎಂದರೆ ಬೆಂಕಿಯ ಮದ್ದು, ಎಂದೇ. ಪೆಟ್ಲುಪ್ಪು, ಗಂಧಕ, ಇದ್ದಿಲನ್ನು ಅಳತೆಗೆ ತಕ್ಕಂತೆ ಕುಟ್ಟಿ, ಅರೆದು, ಬೆರೆಸುವ ಕೆಲಸವನ್ನು ಕಂಡವರಿಗೆ ನಾಟಿವೈದ್ಯ ಪಂಡಿತರ ಮನೆಯಲ್ಲಿ ಔಷಧಿ ಅರೆಯುವ ಕಲ್ವ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳಿವೆ; ಅವುಗಳಲ್ಲೊಂದನ್ನು ಜೋಡಿ ರೈಲುಮಾರ್ಗಕ್ಕಾಗಿ 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಲಾಯಿತು. ಅಲ್ಲಿ ಇದ್ದದ್ದು ಯಾವ ಮದ್ದು ಎಂದು ಊರಿನವರು ಯಾರೂ ಕೇಳುವುದಿಲ್ಲ.

ಗುಂಡು ಎಂದರೆ ದುಂಡಗಿನದು. ಗುಂಡುಕಲ್ಲಿನ ಗುಂಡೂ ಇದೇ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಂದೂಕಿನ ಗುಂಡು ದುಂಡಗಿನ ರೂಪ ಬಿಟ್ಟು ಉದ್ದನೆಯ ಚೂಪು ತುದಿಯದಾಯಿತು, ಆದರೆ ಹೆಸರು ಬದಲಾಗಲಿಲ್ಲ. ಹಳೆಯ ಕೋವಿಗೆ ಬಾಯಿಯಿಂದ ಮೊದಲು ಮದ್ದು ಸುರಿದು, ಬಳಿಕ ಗುಂಡನ್ನು ಗಜ ಎಂಬ ಉದ್ದನೆಯ ಸಲಾಕೆಯಿಂದ ಜಡಿಯುತ್ತಿದ್ದರು. ಮದ್ದು ತಳ್ಳುವುದು, ಗುಂಡು ಹೋಗಿ ತಾಗುವುದು. ಎರಡನ್ನೂ ಒಂದೇ ಪೊಟ್ಟಣದಲ್ಲಿ ಸೇರಿಸಿದಾಗ ಅದು ತೋಟಾ ಆಯಿತು. ಮೊದಲು ಕಾಗದದ ಪೊಟ್ಟಣ (1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಲು ಒಪ್ಪದಿದ್ದದ್ದು ಇಂಥದ್ದನ್ನೇ), ಆಮೇಲೆ ಹಿತ್ತಾಳೆಯದು. ಹಿತ್ತಾಳೆಯ ತೋಟಾದ ತಳದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಮೂತಿಯಲ್ಲಿ ಗುಂಡು. ಮಲೆನಾಡಿನ ಹಳೆಯ ಶಿಕಾರಿಯವರು ಕೇಪನ್ನು ಬೇರೆಯಾಗಿ ಇಡುವ ಕೇಪಿನ ಕೋವಿ, ತೋಟಾ ಹಾಕುವ ತೋಟಾ ಕೋವಿ ಎಂದು ಬಿಡಿಸಿಯೇ ಹೇಳುತ್ತಾರೆ. ತೋಟಾವನ್ನು ಗುಂಡು ಎಂದು ಕರೆಯುವ ರೂಢಿ ಕಾಣುವುದು ಪೇಟೆಯ ಮಾತಿನಲ್ಲಿ, ಸಿನಿಮಾದಲ್ಲಿ.

ಈಗ ‘ನಕಲಿ ಗುಂಡು’ ಎಂಬ ಮಾತಿಗೆ ಬರೋಣ. ಸಿನಿಮಾದವರು ಬ್ಲ್ಯಾಂಕ್ ಎಂದು ಕರೆಯುವ ತೋಟಾದಲ್ಲಿ ಕೇಪು ಇದೆ, ಮದ್ದು ಇದೆ, ಗುಂಡು ಇಲ್ಲ. ಡಮ್ಮಿ ಎಂದು ಕರೆಯುವ ತೋಟಾದಲ್ಲಿ ಗುಂಡು ಇದೆ, ಮದ್ದು ಇಲ್ಲ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲದ ಈ ಎರಡು ವಸ್ತುಗಳಿಗೆ ಒಂದೇ ಹೆಸರು ಇಡುವುದು ಭಾಷೆಯ ಬಡತನವಲ್ಲ, ಬರೆಯುವವರ ಆತುರ. ಬ್ಲ್ಯಾಂಕ್ ನಮಗೆ ಅಪರಿಚಿತವೂ ಅಲ್ಲ: ಮೈಸೂರು ದಸರೆಯ ಜಂಬೂ ಸವಾರಿಯ ದಿನ ಹಾರಿಸುವ 21 ಕುಶಾಲ ತೋಪುಗಳು ಬರಿಯ ಮದ್ದಿನವೇ. ಅದನ್ನು ಯಾರೂ ನಕಲಿ ತೋಪು ಎನ್ನುವುದಿಲ್ಲ, ಅದರ ಬಾಯಿಯ ಮುಂದೆ ಯಾರೂ ನಿಲ್ಲುವುದೂ ಇಲ್ಲ. 1984ರ ಅಕ್ಟೋಬರಿನಲ್ಲಿ ಜಾನ್ ಎರಿಕ್ ಹೆಕ್ಸಮ್ ಎಂಬ 26 ವರ್ಷದ ಅಮೆರಿಕನ್ ನಟ ಧಾರಾವಾಹಿಯೊಂದರ ಚಿತ್ರೀಕರಣದ ಬಿಡುವಿನಲ್ಲಿ ಬ್ಲ್ಯಾಂಕ್ ತುಂಬಿದ್ದ ರಿವಾಲ್ವರನ್ನು ಹಣೆಯ ಪಕ್ಕಕ್ಕಿಟ್ಟು ಟ್ರಿಗರ್ ಎಳೆದರು. ಗುಂಡಿರಲಿಲ್ಲ, ಮದ್ದು ಸಿಡಿದ ಒತ್ತಡಕ್ಕೇ ತಲೆಬುರುಡೆ ಒಡೆದು ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಬ್ಲ್ಯಾಂಕನ್ನು ‘ಖಾಲಿ ತೋಟಾ’ ಎಂದು ಅನುವಾದಿಸುವವರು ಈ ಸಾವನ್ನು ನೆನಪಿಡಬೇಕು. ಅದು ಖಾಲಿಯಲ್ಲ. ಮೇಲಾಗಿ, ಹಾರಿಸಿದ ಮೇಲೆ ನೆಲಕ್ಕೆ ಬೀಳುವ ಹಿತ್ತಾಳೆಯ ಕೊಳವೆಗೆ ಖಾಲಿ ತೋಟಾ ಎಂಬ ಹೆಸರು ನಮ್ಮ ವರದಿಗಳಲ್ಲಿ ಬಹುಕಾಲದಿಂದ ನೆಲೆಯಾಗಿದೆ. ತೆರೆಯ ಮೇಲೆ ಆ ಕೊಳವೆಗಳು ಉದುರುವುದನ್ನು ಕಂಡು ‘ಗುಂಡುಗಳು ಉದುರಿದವು’ ಎನ್ನುವುದೂ ತಪ್ಪೇ, ಗುಂಡು ಆಗಲೇ ಹೋಗಿಯಾಗಿರುತ್ತದೆ.

ಡಮ್ಮಿ ಇರುವುದೇ ಪ್ರೇಕ್ಷಕರ ಕಣ್ಣಿಗಾಗಿ. ರಿವಾಲ್ವರನ್ನು ಎದುರಿನಿಂದ ಹತ್ತಿರದಲ್ಲಿ ತೋರಿಸಿದಾಗ ತೋಟಾ ತುಂಬುವ ಅದರ ಉರುಳೆಯ ತೂತುಗಳಲ್ಲಿ ಗುಂಡಿನ ಮೂತಿಗಳು ಕಾಣುತ್ತವೆ. ಕಾಣದಿದ್ದರೆ ಬಂದೂಕು ಬರಿದೆಂದು ಕಣ್ಣುಳ್ಳವರು ಹಿಡಿದುಬಿಡುತ್ತಾರೆ. ಅದೇ ಪ್ರೇಕ್ಷಕರು ಹೇಳುವ ಇನ್ನೊಂದು ದೂರು, ಹಾರಿಸಿದಾಗ ನಟನ ಕೈಯಲ್ಲಿ ಕೋವಿ ಹಿಂದಕ್ಕೆ ಒದೆಯುವುದೇ ಇಲ್ಲ ಎಂಬುದು. ಆ ದೂರು ಸರಿಯಾದದ್ದು, ಆದರೆ ಅದಕ್ಕೆ ಕಾರಣ ನಟನ ಅಜ್ಞಾನವೇ ಆಗಬೇಕಿಲ್ಲ. ಮುಂದಕ್ಕೆ ಹಾರುವ ಗುಂಡಿನ ತೂಕವೇ ಇಲ್ಲದಾಗ ಬ್ಲ್ಯಾಂಕಿನ ಒದೆತ ಬಹಳ ಕಡಿಮೆಯಾಗುತ್ತದೆ, ಉಳಿದದ್ದನ್ನು ನಟ ತೋಳಿನಿಂದ ಅಭಿನಯಿಸಬೇಕಾಗುತ್ತದೆ. ಹೀಗೆ ನೋಟಕ್ಕೆ ಡಮ್ಮಿ, ಸದ್ದಿಗೂ ಬೆಂಕಿಗೂ ಬ್ಲ್ಯಾಂಕ್ ಎಂದು ಒಂದೇ ಬಂದೂಕಿಗೆ ಎರಡನ್ನೂ ಸರದಿಯಂತೆ ತುಂಬುವ ಪದ್ಧತಿ ಬಂದಿತು.

ಈ ಸರದಿಯೇ 1993ರ ಮಾರ್ಚ್ 31ರಂದು ನಟ ಬ್ರ್ಯಾಂಡನ್ ಲೀ ಅವರ ಜೀವ ತೆಗೆಯಿತು. ಅಮೆರಿಕದ ವಿಲ್ಮಿಂಗ್ಟನ್‌ನಲ್ಲಿ ಚಿತ್ರೀಕರಣ ನಡೆಯುತ್ತಿತ್ತು. ಅಸಲಿ ತೋಟಾಗಳ ಮದ್ದನ್ನು ಸುರಿದು ಗುಂಡನ್ನು ಮತ್ತೆ ಕೂರಿಸಿ ಡಮ್ಮಿಗಳನ್ನು ಅಲ್ಲೇ ತಯಾರಿಸಲಾಗಿತ್ತು, ಆದರೆ ಒಂದರಲ್ಲಿ ಕೇಪು ಜೀವಂತವಾಗಿಯೇ ಉಳಿದಿತ್ತು. ಬಂದೂಕಿನ ಕುದುರೆ, ಎಂದರೆ ಕೇಪಿಗೆ ಪೆಟ್ಟು ಕೊಡುವ ಸುತ್ತಿಗೆ, ಬಿದ್ದಾಗ ಕೇಪಿನ ಕಿರುಸಿಡಿತಕ್ಕೆ ಗುಂಡು ತೋಟಾದಿಂದ ಕಳಚಿ ನಳಿಗೆಯೊಳಗೆ ಸಿಕ್ಕಿಕೊಂಡಿತು, ಯಾರೂ ನೋಡಲಿಲ್ಲ. ಮುಂದೆ ಅದೇ ರಿವಾಲ್ವರಿಗೆ ಬ್ಲ್ಯಾಂಕ್ ತುಂಬಿ ಹಾರಿಸಿದಾಗ ಡಮ್ಮಿಯಿಂದ ಬಂದ ಗುಂಡಿಗೆ ಬ್ಲ್ಯಾಂಕಿನ ಮದ್ದು ಸೇರಿತು. ಹಳೆಯ ಕೋವಿಯಲ್ಲಿ ಮದ್ದನ್ನೂ ಗುಂಡನ್ನೂ ಬೇರೆಬೇರೆಯಾಗಿ ತುಂಬುತ್ತಿದ್ದಂತೆಯೇ ಆಯಿತು, ಕ್ರಮವೊಂದು ಹಿಂದುಮುಂದಾಗಿತ್ತು ಅಷ್ಟೆ. ಈ ಘಟನೆಯನ್ನು ‘ನಕಲಿ ಗುಂಡು ತಗುಲಿ ನಟನ ಸಾವು’ ಎಂದು ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ಮದ್ದು, ಗುಂಡು ಎಂಬ ಎರಡು ಪದಗಳನ್ನು ಬಳಸಿ ಬರೆದರೆ ಎಲ್ಲವೂ ತಿಳಿಯುತ್ತದೆ.

‘ರಸ್ಟ್’ ಪ್ರಕರಣದಲ್ಲಿ ಆದದ್ದು ಇದಲ್ಲ. ಒರೆಯಿಂದ ರಿವಾಲ್ವರ್ ಸೆಳೆಯುವ ದೃಶ್ಯದ ತಾಲೀಮಿಗಾಗಿ ಅದರಲ್ಲಿ ಇರಬೇಕಾಗಿದ್ದದ್ದು ಡಮ್ಮಿಗಳು ಮಾತ್ರ. ಅವುಗಳ ನಡುವೆ ಒಂದು ಅಸಲಿ ತೋಟಾ ಸೇರಿಹೋಗಿತ್ತು. ಡಮ್ಮಿಯೊಳಗೆ ಮದ್ದಿನ ಬದಲು ಪುಟ್ಟ ಲೋಹದ ಗೋಲಿ ಹಾಕಿರುತ್ತಾರೆ, ಕಿವಿಯ ಬಳಿ ಅಲುಗಿಸಿದರೆ ಗಿಲಕಿಯಂತೆ ಸದ್ದು ಬರಬೇಕು. ಇಲ್ಲವೇ ಪಕ್ಕದಲ್ಲಿ ತೂತು ಕೊರೆದಿರುತ್ತಾರೆ. ಈ ಪರೀಕ್ಷೆ ಪ್ರತಿಯೊಂದು ತೋಟಾಕ್ಕೂ ಸರಿಯಾಗಿ ನಡೆಯಲಿಲ್ಲ ಎಂಬುದು ಆ ಚಿತ್ರದ ಬಂದೂಕುಗಳ ಹೊಣೆ ಹೊತ್ತಿದ್ದ ಶಸ್ತ್ರಪಾಲಕಿಯ ವಿರುದ್ಧದ ಮುಖ್ಯ ವಾದವಾಗಿತ್ತು, 2024ರಲ್ಲಿ ಅವರಿಗೆ 18 ತಿಂಗಳ ಸೆರೆಯಾಯಿತು. ಆದ್ದರಿಂದ ಬ್ಲ್ಯಾಂಕಿಗೆ ಬರಿಮದ್ದಿನ ತೋಟಾ ಎಂದೂ, ಡಮ್ಮಿಗೆ ಮದ್ದಿಲ್ಲದ ತೋಟಾ ಎಂದೂ ಬರೆಯಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಇಂಗ್ಲಿಷ್ ಪದಗಳನ್ನೇ ಉಳಿಸಿಕೊಳ್ಳುವವರು ಎರಡನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳಲಿ. ಹಲೀನಾ ಹಚಿನ್ಸ್ ಅವರಿಗೆ ತಾಗಿದ್ದು ನಕಲಿ ಗುಂಡಲ್ಲ, ಮದ್ದಿಲ್ಲದ ತೋಟಾಗಳ ಸಾಲಿನಲ್ಲಿ ಕುಳಿತಿದ್ದ ಅಸಲಿ ತೋಟಾದ ಅಸಲಿ ಗುಂಡು.