ಜಾವಾ ಮುಕ್ತವಾದದ್ದು ಒಂದೇ ದಿನದಲ್ಲಲ್ಲ

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಹೊಸದಾಗಿ ಕೆಲಸಕ್ಕೆ ಸೇರುವವರು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಜಾವಾ ಮೊದಲಿನಿಂದಲೂ ಪುಕ್ಕಟೆಯಾಗಿಯೇ ಸಿಗುತ್ತಿತ್ತಲ್ಲ, 2006ರಲ್ಲಿ ಅದನ್ನು ಮುಕ್ತಗೊಳಿಸಿದರು ಎಂದರೆ ಏನರ್ಥ?" ನ್ಯಾಯವಾದ ಪ್ರಶ್ನೆ. ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಜಾವಾವನ್ನು ಹೊರತಂದಂದಿನಿಂದಲೂ ಅದನ್ನು ಡೌನ್‌ಲೋಡ್ ಮಾಡಿಕೊಳ್ಳಲು ಯಾರೂ ಹಣ ಕೊಡಬೇಕಾಗಿರಲಿಲ್ಲ. ಜಾವಾ ಬರೆಯುವವರಿಗೆ ಬೇಕಾದ ಉಪಕರಣಗಳ ಕಟ್ಟಾದ ಜೆಡಿಕೆಯ ಜೊತೆಗೆ, ಲೈಬ್ರರಿಯ (ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಸಂಗ್ರಹದ) ಸೋರ್ಸ್ ಕೋಡ್ ತುಂಬಿದ ಜಿಪ್ ಕಡತವೂ ಬರುತ್ತಿತ್ತು. ಅದನ್ನು ಬಿಚ್ಚಿ ಓದಬಹುದಿತ್ತು. ಆದರೆ ಓದಿದ್ದನ್ನು ತಿದ್ದಿ, ತಿದ್ದಿದ್ದನ್ನು ಇನ್ನೊಬ್ಬರ ಕೈಗೆ ಕೊಡುವಂತಿರಲಿಲ್ಲ.

ಕೆಲಸದ ನಡುವೆ ಇದು ಹೇಗೆ ಕಾಡುತ್ತಿತ್ತು ಎಂಬುದನ್ನು ಆ ಕಾಲ ಕಂಡವರು ಮರೆಯಲಾರರು. ಸರ್ವರ್ ಪದೇ ಪದೇ ನಿಂತುಹೋಗುತ್ತದೆ. ದೋಷ ನಮ್ಮ ಕೋಡಿನಲ್ಲಿಲ್ಲ, ಜಾವಾದ ಲೈಬ್ರರಿಯಲ್ಲೇ ಇದೆ ಎಂದು ಗೊತ್ತಾಗುತ್ತದೆ. ಯಾವ ಕಡತ, ಯಾವ ಸಾಲು ಎಂಬುದೂ ಸಿಗುತ್ತದೆ. ಅಷ್ಟಾದರೂ ಮಾಡಬಹುದಾದದ್ದು ಸನ್ ಕಂಪನಿಗೆ ದೂರು ಬರೆದು ಮುಂದಿನ ಆವೃತ್ತಿಗೆ ಕಾಯುವುದೊಂದೇ. ಸರಿಪಡಿಸಿದ ಜಾವಾವನ್ನು ನಾವೇ ಕಟ್ಟಿ ಗ್ರಾಹಕರಿಗೆ ಕೊಟ್ಟರೆ ಪರವಾನಗಿಯ ಉಲ್ಲಂಘನೆ.

ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಈ ತೊಡಕು ಇನ್ನೂ ದೊಡ್ಡದಾಗಿತ್ತು. ನೀವು ಬರೆದ ಪ್ರೋಗ್ರಾಮ್ ಪೂರ್ತಿ ಮುಕ್ತವಾಗಿದ್ದರೂ ಅದು ಓಡಲು ಸನ್‌ನ ಜಾವಾ ಬೇಕೇ ಬೇಕು ಎಂದಾದರೆ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಅದನ್ನು ತನ್ನ ಮುಖ್ಯ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. 'ಕಾಂಟ್ರಿಬ್' ಎಂಬ ಬೇರೆ ವಿಭಾಗದಲ್ಲಿ ಇಡುತ್ತಿತ್ತು. ಜಾವಾದಲ್ಲಿ ಬರೆದ ಮುಕ್ತ ಪ್ರೋಗ್ರಾಮ್‌ಗಳು ಬಲೆಯಲ್ಲಿ ಸಿಕ್ಕಿಬಿದ್ದಿವೆ ಎಂದು ಮುಕ್ತ ತಂತ್ರಾಂಶ ಚಳವಳಿಯ ಸ್ಥಾಪಕ ರಿಚರ್ಡ್ ಸ್ಟಾಲ್ಮನ್ 2004ರಲ್ಲಿ ಎಚ್ಚರಿಸಿದ್ದು ಇದೇ ಕಾರಣಕ್ಕೆ. ಅದೇ ವರ್ಷ ಓಪನ್ ಸೋರ್ಸ್‌ನ ಪ್ರತಿಪಾದಕ ಎರಿಕ್ ರೇಮಂಡ್ ಜಾವಾವನ್ನು ಬಿಟ್ಟುಕೊಡಿ ಎಂದು ಸನ್‌ಗೆ ಬಹಿರಂಗ ಪತ್ರ ಬರೆದರು. ಐಬಿಎಂ ಕೂಡ ದನಿಗೂಡಿಸಿತು.

ಸನ್ ಹಿಂಜರಿದದ್ದಕ್ಕೆ ಲಾಭದ ಲೆಕ್ಕಾಚಾರ ಮಾತ್ರ ಕಾರಣ ಎಂದರೆ ಅನ್ಯಾಯವಾಗುತ್ತದೆ. ಒಮ್ಮೆ ಬರೆದ ಪ್ರೋಗ್ರಾಮ್ ಎಲ್ಲ ಯಂತ್ರಗಳಲ್ಲೂ ಓಡಬೇಕು ಎಂಬುದು ಜಾವಾದ ಜೀವಾಳ. ಮೈಕ್ರೋಸಾಫ್ಟ್ ತನ್ನ ಜಾವಾದಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟು, ವಿಂಡೋಸ್‌ಗೆ ಮಾತ್ರ ಹೊಂದುವ ಸಂಗತಿಗಳನ್ನು ಸೇರಿಸಿದಾಗ ಸನ್ 1997ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತು. 2001ರಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕೋಡ್ ಬಿಟ್ಟುಕೊಟ್ಟರೆ ಹೊಂದಿಕೆಯಾಗದ ಹತ್ತಾರು ಜಾವಾಗಳು ಹುಟ್ಟಿಕೊಂಡಾವು ಎಂಬ ಭಯಕ್ಕೆ ಹಿನ್ನೆಲೆ ಇದು.

ಆ ಭಯಕ್ಕೆ ಮದ್ದಾಗಿ ಸಿಕ್ಕಿದ್ದು ಪರವಾನಗಿಯೇ. 2006ರ ನವೆಂಬರ್ 13ರಂದು ಸನ್ ಆರಿಸಿಕೊಂಡದ್ದು ಗ್ನೂ ಜಿಪಿಎಲ್‌ನ ಎರಡನೆಯ ಆವೃತ್ತಿಯನ್ನು, ಅಂದರೆ ಲಿನಕ್ಸ್ ಕರ್ನಲ್‌ಗೆ ಇರುವ ಪರವಾನಗಿಯನ್ನೇ. ಬದಲಾಯಿಸಿ ಹಂಚುವವರು ಬದಲಾಯಿಸಿದ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಹಾಗಾಗಿ ಯಾರಾದರೂ ಜಾವಾವನ್ನು ಕವಲೊಡೆಸಿದರೂ ಆ ಕವಲು ಕದ ಮುಚ್ಚಿಕೊಂಡು ಬೆಳೆಯಲಾಗದು. ಅದರಲ್ಲಿ ಒಳ್ಳೆಯದೇನಾದರೂ ಇದ್ದರೆ ಮೂಲಕ್ಕೆ ತಂದುಕೊಳ್ಳಬಹುದು. ಇದಕ್ಕಿಂತ ಸಡಿಲವಾದ ಪರವಾನಗಿ ಸಿಗಬಹುದೆಂದು ನಿರೀಕ್ಷಿಸಿದ್ದವರಿಗೆ ನಿರಾಸೆಯಾಯಿತು. ನನ್ನ ಮಟ್ಟಿಗೆ ಸನ್ ಮಾಡಿದ ಆಯ್ಕೆ ಸರಿಯಾಗಿತ್ತು, ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಆದರೆ ಜಿಪಿಎಲ್‌ನಿಂದ ಒಂದು ಸಮಸ್ಯೆ ಎದುರಾಗುತ್ತಿತ್ತು. ಪ್ರತಿಯೊಂದು ಜಾವಾ ಪ್ರೋಗ್ರಾಮೂ ಜಾವಾದ ಲೈಬ್ರರಿಯನ್ನು ಬಳಸಿಕೊಂಡೇ ಓಡುತ್ತದೆ. ಲೈಬ್ರರಿ ಜಿಪಿಎಲ್‌ನಲ್ಲಿದ್ದರೆ ಅದಕ್ಕೆ ಜೋಡಿಸಿದ ಪ್ರೋಗ್ರಾಮೂ ಜಿಪಿಎಲ್ ಆಗಬೇಕೇ? ಬ್ಯಾಂಕೊಂದರ ಖಾಸಗಿ ಲೆಕ್ಕದ ತಂತ್ರಾಂಶವನ್ನೂ ಹಂಚುವಾಗ ತೆರೆದಿಡಬೇಕೇ? ಈ ಗಂಟನ್ನು ಬಿಡಿಸಿದ್ದು 'ಕ್ಲಾಸ್‌ಪಾತ್ ವಿನಾಯಿತಿ' ಎಂಬ ಚಿಕ್ಕ ಪ್ಯಾರಾ. ಲೈಬ್ರರಿಗೆ ಜೋಡಿಸಿದ ನಿಮ್ಮ ಸ್ವಂತ ಭಾಗಗಳನ್ನು ನಿಮಗಿಷ್ಟವಾದ ಪರವಾನಗಿಯಲ್ಲಿ ಹಂಚಬಹುದು, ಲೈಬ್ರರಿಯನ್ನೇ ತಿದ್ದಿದರೆ ಮಾತ್ರ ಆ ತಿದ್ದುಪಡಿಗೆ ಜಿಪಿಎಲ್ ಅನ್ವಯಿಸುತ್ತದೆ ಎಂಬುದು ಅದರ ಸಾರ. ಈ ವಿನಾಯಿತಿ ಬಂದದ್ದು ಸನ್‌ನ ವಕೀಲರಿಂದಲ್ಲ. ಸನ್ ಬಾಗಿಲು ತೆರೆಯದಿದ್ದ ಕಾಲದಲ್ಲಿ, 1998ರಿಂದಲೂ, ಜಾವಾದ ಲೈಬ್ರರಿಯನ್ನು ಮೊದಲಿನಿಂದ ಬರೆಯಲು ಹೊರಟಿದ್ದ ಗ್ನೂ ಕ್ಲಾಸ್‌ಪಾತ್ ಯೋಜನೆಯ ಸ್ವಯಂಸೇವಕರು ಬಳಸುತ್ತಿದ್ದ ಷರತ್ತು ಅದು. ಇವತ್ತಿಗೂ ಜಾವಾ ಲೈಬ್ರರಿಯ ಬಹುತೇಕ ಯಾವ ಕಡತ ತೆರೆದರೂ ತಲೆಯ ಟಿಪ್ಪಣಿಯಲ್ಲಿ ಈ ವಿನಾಯಿತಿಯ ಉಲ್ಲೇಖ ಕಾಣಿಸುತ್ತದೆ. ಕಂಪನಿಯ ವಕೀಲರು ಜಿಪಿಎಲ್ ಎಂಬ ಹೆಸರು ಕೇಳಿಯೇ ಗಾಬರಿಯಾದಾಗ ನಾನು ಮೊದಲು ತೋರಿಸುವುದು ಆ ಸಾಲುಗಳನ್ನು.

ಘೋಷಣೆಯ ದಿನ ಹೊರಬಂದದ್ದು ಜಾವಾ ಪ್ರೋಗ್ರಾಮನ್ನು ಓಡಿಸುವ ಹಾಟ್‌ಸ್ಪಾಟ್ ವರ್ಚುವಲ್ ಮೆಷಿನ್ ಮತ್ತು ಬರೆದ ಕೋಡನ್ನು ಅದಕ್ಕೆ ಅರ್ಥವಾಗುವ ರೂಪಕ್ಕೆ ತರುವ ಜಾವಾ ಕಂಪೈಲರ್. ಲೈಬ್ರರಿಯ ಬಹುಭಾಗ ಬಂದದ್ದು 2007ರ ಮೇ 8ರಂದು. ಆಗಲೂ ಶೇಕಡಾ 4ರಷ್ಟು ಕೋಡ್ ಉಳಿದೇಹೋಯಿತು. ಯಾರೂ ಬಚ್ಚಿಟ್ಟದ್ದಲ್ಲ, ಅದು ಸನ್‌ನ ಸ್ವತ್ತೇ ಆಗಿರಲಿಲ್ಲ. ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವ ಭಾಗ, ಗೆರೆ-ವಕ್ರರೇಖೆಗಳನ್ನು ಬಿಂದುಗಳಾಗಿ ಬಿಡಿಸುವ ಭಾಗ, ಬಣ್ಣಗಳ ಹೊಂದಾಣಿಕೆ, ಸಂಗೀತದ ಸ್ವರ ಹುಟ್ಟಿಸುವ ಭಾಗ, ಇವೆಲ್ಲ ಬೇರೆ ಕಂಪನಿಗಳಿಂದ ಪರವಾನಗಿ ಪಡೆದು ಸೇರಿಸಿಕೊಂಡವು. ಹಂಚುವ ಹಕ್ಕು ಸನ್‌ಗೆ ಇರಲಿಲ್ಲ. ಅವುಗಳ ಜಾಗದಲ್ಲಿ ಸನ್ ಕೊಟ್ಟದ್ದು ಕಂಪೈಲ್ ಮಾಡಿದ, ಒಳಗೇನಿದೆ ಎಂದು ನೋಡಲಾಗದ ತುಣುಕುಗಳನ್ನು. ಅವಿಲ್ಲದೆ ಜಾವಾ ಕಟ್ಟಲಾಗುತ್ತಿರಲಿಲ್ಲ. ಅಲ್ಲದೆ ಜಾವಾವನ್ನು ಕಟ್ಟಲು ಮೊದಲೇ ಒಂದು ಜಾವಾ ಬೇಕಿತ್ತು, ಆ ಜಾವಾ ಆಗ ಮುಕ್ತವಾಗಿರಲಿಲ್ಲ.

ಜಾವಾದ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಮುಂದಿನದು. ಅದರಲ್ಲಿ ಭಾಷಣವಿಲ್ಲ, ಪತ್ರಿಕಾಗೋಷ್ಠಿಯಿಲ್ಲ. 2007ರ ಜೂನ್‌ನಲ್ಲಿ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಎಂಜಿನಿಯರುಗಳು 'ಐಸ್ಡ್‌ಟೀ' ಎಂಬ ಯೋಜನೆ ಆರಂಭಿಸಿ, ಮುಚ್ಚಿದ ತುಣುಕುಗಳ ಜಾಗಕ್ಕೆ ಗ್ನೂ ಕ್ಲಾಸ್‌ಪಾತ್‌ನ ಕೋಡನ್ನು ತಂದು ಕೂರಿಸಿದರು. ಮುಕ್ತ ಕಂಪೈಲರಿನಿಂದಲೇ ಇಡೀ ಜಾವಾವನ್ನು ಕಟ್ಟುವ ದಾರಿ ಮಾಡಿದರು. ಅಕ್ಷರಗಳಿಗೆ ಫ್ರೀಟೈಪ್ ಬಂತು, ಬಣ್ಣಗಳಿಗೆ ಲಿಟಲ್ ಸಿಎಂಎಸ್ ಬಂತು, ಧ್ವನಿಗೆ ಹೊಸದಾಗಿ ಬರೆದ ಗರ್ವಿಲ್ ಎಂಬ ಸಿಂಥಸೈಜರ್ ಬಂತು. 2008ರ ಜೂನ್‌ನಲ್ಲಿ ಫೆಡೋರಾ 9 ಎಂಬ ಲಿನಕ್ಸ್ ವಿತರಣೆಯೊಂದಿಗೆ ಬಂದ ಐಸ್ಡ್‌ಟೀ ಜಾವಾದ ಅಧಿಕೃತ ಹೊಂದಾಣಿಕೆ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಜಾವಾ ಮುಕ್ತವಾದದ್ದು ಯಾವಾಗ ಎಂದು ನನ್ನನ್ನು ಕೇಳಿದರೆ ಈ ದಿನಾಂಕವನ್ನೇ ಹೇಳುತ್ತೇನೆ. ಒಡೆಯರ ಕಂಪನಿಯ ಒಂದೇ ಒಂದು ಮುಚ್ಚಿದ ತುಣುಕೂ ಇಲ್ಲದೆ, ಹೊರಗಿನವರು ಕಟ್ಟಿದ ಜಾವಾ ಜಾವಾವೇ ಹೌದು ಎಂದು ಸಾಬೀತಾದದ್ದು ಆಗ.

ಇದಕ್ಕೆ ವಿರುದ್ಧವಾದ ಪಾಡು, ಮುಕ್ತ ತಂತ್ರಾಂಶ ಕಟ್ಟುವ ಅಪಾಚೆ ಪ್ರತಿಷ್ಠಾನದ ಹಾರ್ಮನಿ ಯೋಜನೆಯದು. 2005ರಲ್ಲಿ ಶುರುವಾದ ಅದು ಸನ್‌ನ ಕೋಡನ್ನು ಮುಟ್ಟದೆ ಸ್ವತಂತ್ರವಾಗಿ ಜಾವಾ ಬರೆಯುತ್ತಿತ್ತು. ಬರೆದದ್ದು ಜಾವಾ ಎಂದು ಕರೆಸಿಕೊಳ್ಳಲು ಅದೇ ಹೊಂದಾಣಿಕೆ ಪರೀಕ್ಷೆ, ಅಂದರೆ ಟಿಸಿಕೆ, ಪಾಸಾಗಬೇಕು. ಸನ್ ಪರೀಕ್ಷೆಯನ್ನು ಕೊಡಲು ಮುಂದೆ ಬಂದದ್ದು, ಯಾವ ಬಗೆಯ ಸಾಧನಗಳಲ್ಲಿ ಬಳಸಬಹುದು ಎಂಬ ನಿರ್ಬಂಧದೊಡನೆ. ಅಂಥ ನಿರ್ಬಂಧವನ್ನು ಒಪ್ಪಿದರೆ ಅದು ಓಪನ್ ಸೋರ್ಸ್ ಆಗಿ ಉಳಿಯುವುದಿಲ್ಲ ಎಂದು ಅಪಾಚೆ 2007ರಲ್ಲಿ ಬಹಿರಂಗ ಪತ್ರ ಬರೆಯಿತು. ಫಲವಿಲ್ಲ. 2010ರಲ್ಲಿ ಸನ್ ಒರಾಕಲ್‌ನ ಪಾಲಾಯಿತು, ಅದೇ ವರ್ಷ ಐಬಿಎಂ ಹಾರ್ಮನಿಯಿಂದ ಓಪನ್‌ಜೆಡಿಕೆ (ಸನ್ ತೆರೆದಿಟ್ಟ ಜಾವಾ ಕೋಡಿನ ಯೋಜನೆ) ಕಡೆಗೆ ಬಂತು, ಡಿಸೆಂಬರ್‌ನಲ್ಲಿ ಅಪಾಚೆ ಜಾವಾದ ಕಾರ್ಯಕಾರಿ ಸಮಿತಿಯನ್ನು ತೊರೆಯಿತು. 2011ರಲ್ಲಿ ಹಾರ್ಮನಿ ಮುಚ್ಚಿತು. ಆ ವೇಳೆಗೆ ಅದರ ಲೈಬ್ರರಿ ಆಂಡ್ರಾಯ್ಡ್‌ನೊಳಗೆ ಸೇರಿಹೋಗಿತ್ತು. ಒರಾಕಲ್ ಗೂಗಲ್ ಮೇಲೆ 2010ರಲ್ಲಿ ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಜಾವಾದ ಘೋಷಣಾ ಸಾಲುಗಳನ್ನು (ಲೈಬ್ರರಿಯ ಭಾಗಗಳ ಹೆಸರು, ಕರೆಯುವ ಬಗೆ ತಿಳಿಸುವ ಸಾಲುಗಳನ್ನು) ಗೂಗಲ್ ಬಳಸಿದ್ದು ನ್ಯಾಯಯುತ ಬಳಕೆ ಎಂದು 2021ರ ಏಪ್ರಿಲ್‌ನಲ್ಲಿ 6-2ರ ಬಹುಮತದಿಂದ ತೀರ್ಪು ಬಂತು. ಆಂಡ್ರಾಯ್ಡ್ ಅದಕ್ಕೂ ಮೊದಲೇ, 2016ರ ಆವೃತ್ತಿಯಲ್ಲಿ, ಓಪನ್‌ಜೆಡಿಕೆ ಲೈಬ್ರರಿಗೆ ಬದಲಾಗಿತ್ತು.

ಕೋಡ್ ತೆರೆದಿಟ್ಟರೂ ಪರೀಕ್ಷೆ ಮತ್ತು ಹೆಸರು ಒಡೆಯರ ಕೈಯಲ್ಲೇ ಉಳಿಯಬಹುದು ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಸಂಗ ಇನ್ನೊಂದಿಲ್ಲ.

ಈಗ 2018ಕ್ಕೆ ಬರೋಣ, ಏಕೆಂದರೆ ನನಗೆ ಇಂದಿಗೂ ಬರುವ ಗಾಬರಿಯ ಕರೆಗಳ ಬೇರು ಅಲ್ಲಿದೆ. ಜಾವಾ 11ರಿಂದ ಒರಾಕಲ್ ತನ್ನ ಜೆಡಿಕೆಯ ಪರವಾನಗಿ ಬದಲಾಯಿಸಿತು. ವ್ಯವಹಾರದ ಬಳಕೆಗೆ ಚಂದಾ ಬೇಕೆಂದಿತು. 2021ರಲ್ಲಿ ಜಾವಾ 17ರೊಂದಿಗೆ ಮತ್ತೆ ಒಂದಿಷ್ಟು ಸಡಿಲಿಸಿತು. 2023ರ ಜನವರಿಯಲ್ಲಿ ಚಂದಾವನ್ನು ಸಂಸ್ಥೆಯ ಒಟ್ಟು ಉದ್ಯೋಗಿಗಳ ಸಂಖ್ಯೆಗೆ ಕಟ್ಟಿತು. ಜಾವಾ ಮುಟ್ಟದವರೂ ಲೆಕ್ಕಕ್ಕೆ ಸೇರುತ್ತಾರೆ. ಪ್ರತಿ ಸಲವೂ ಹಣಕಾಸು ವಿಭಾಗದಿಂದ ಒಂದೇ ಪ್ರಶ್ನೆ: "ಜಾವಾಕ್ಕೆ ಈಗ ದುಡ್ಡು ಕೊಡಬೇಕಂತೆ, ಹೌದೇ?"

ಆಗ ನಾನು ಸರ್ವರ್‌ನಲ್ಲಿ ಜಾವಾದ ಆವೃತ್ತಿ ಕೇಳುವ ಆದೇಶ ಕೊಟ್ಟು ಎರಡನೆಯ ಸಾಲನ್ನು ಓದಲು ಹೇಳುತ್ತೇನೆ. 'ಓಪನ್‌ಜೆಡಿಕೆ ರನ್‌ಟೈಮ್ ಎನ್ವಿರಾನ್‌ಮೆಂಟ್' ಎಂದು ಇದ್ದರೆ ಅದು ಮುಕ್ತ ಕೋಡಿನಿಂದ ಕಟ್ಟಿದ ಪ್ರತಿ. 'ಜಾವಾ ಎಸ್‌ಇ ರನ್‌ಟೈಮ್ ಎನ್ವಿರಾನ್‌ಮೆಂಟ್' ಎಂದಿದ್ದು, ಜಾವಾ ಪದದ ಪಕ್ಕದಲ್ಲೇ ಟ್ರೇಡ್‌ಮಾರ್ಕ್ ಗುರುತಿದ್ದರೆ ಅದು ಒರಾಕಲ್ ತನ್ನದೇ ಪರವಾನಗಿಯಲ್ಲಿ ಕೊಟ್ಟ ಪ್ರತಿ. ಆ ಪರವಾನಗಿಯನ್ನು ಕೂತು ಓದಬೇಕು. ಎರಡರ ಕೋಡ್ ಹೆಚ್ಚುಕಡಿಮೆ ಒಂದೇ. ಎಕ್ಲಿಪ್ಸ್‌ನ ಟೆಮುರಿನ್, ಅಮೆಜಾನ್‌ನ ಕೊರೆಟ್ಟೊ, ಅಜೂಲ್‌ನ ಜುಲು, ಮೈಕ್ರೋಸಾಫ್ಟ್‌ನದೇ ಒಂದು ಪ್ರತಿ, ಹೀಗೆ ಅದೇ ಕೋಡಿನಿಂದ ಕಟ್ಟಿದ ಜಾವಾಗಳು ಹಲವಿವೆ. ಒಂದು ಕಾಲಕ್ಕೆ ಜಾವಾದ ವಿಷಯದಲ್ಲಿ ಕೋರ್ಟಿಗೆ ಎಳೆಸಿಕೊಂಡಿದ್ದ ಮೈಕ್ರೋಸಾಫ್ಟ್ ಈಗ ಹೊಂದಾಣಿಕೆಯ ಜಾವಾವನ್ನೇ ಹಂಚುತ್ತಿದೆ. ಜಾವಾ 8 ಮತ್ತು 11ರ ಮುಕ್ತ ಆವೃತ್ತಿಗಳಿಗೆ ಭದ್ರತಾ ತಿದ್ದುಪಡಿಗಳನ್ನು ತರುವ ಹೊಣೆಯನ್ನು 2019ರಲ್ಲಿ ರೆಡ್ ಹ್ಯಾಟ್ ವಹಿಸಿಕೊಂಡಿತು. ಪರವಾನಗಿ ಬದಲಾದ ಮೇಲೂ ಇಷ್ಟು ಸಂಸ್ಥೆಗಳು ಪ್ರೋಗ್ರಾಮಿನ ಒಂದು ಸಾಲೂ ಬದಲಿಸದೆ ಬೇರೆ ಪ್ರತಿಗೆ ಹೋಗಲು ಸಾಧ್ಯವಾದದ್ದು 2006ರ ಪರವಾನಗಿಯಿಂದ. 2008ರಲ್ಲಿ ಕೊನೆಯ ತುಣುಕುಗಳನ್ನು ತುಂಬಿದವರ ದುಡಿಮೆಗೂ ಅದರಲ್ಲಿ ಪಾಲಿದೆ.

ಹೊರಗಿನವರ ಕೊಡುಗೆ ದುರಸ್ತಿಗಷ್ಟೇ ಸೀಮಿತವಾಗಲಿಲ್ಲ. ಆರ್ಮ್‌ನ 64 ಬಿಟ್ ಪ್ರೊಸೆಸರ್‌ಗಳಿಗೆ ಓಪನ್‌ಜೆಡಿಕೆಯನ್ನು ಹೊಂದಿಸಿದ್ದು ರೆಡ್ ಹ್ಯಾಟ್. ಪವರ್‌ಪಿಸಿಗೆ ಹೊಂದಿಸಿದ್ದು ಎಸ್‌ಎಪಿ ಮತ್ತು ಐಬಿಎಂ. ರಿಸ್ಕ್-5ಕ್ಕೆ ಹೊಂದುವ ಕೋಡ್ 2022ರಲ್ಲಿ ಜಾವಾ 19ರೊಳಗೆ ಸೇರಿತು. ಶೆನಾಂಡೋವಾ ಎಂಬ ಗಾರ್ಬೇಜ್ ಕಲೆಕ್ಟರ್ ಇನ್ನೂ ಸ್ವಾರಸ್ಯಕರ. ಪ್ರೋಗ್ರಾಮನ್ನು ಹೆಚ್ಚು ಹೊತ್ತು ತಡೆಯದೆ ಮೆಮೊರಿ ತೆರವು ಮಾಡುವ ಇದನ್ನು ಬರೆದದ್ದು ರೆಡ್ ಹ್ಯಾಟ್. 2019ರಲ್ಲಿ ಜಾವಾ 12ರ ಮುಖ್ಯ ಕೋಡಿಗೆ ಸೇರಿತು. ಒರಾಕಲ್ ಕಟ್ಟುವ ಪ್ರತಿಗಳಲ್ಲಿ ಅದು ಇರಲಿಲ್ಲ, ಉಳಿದವರ ಪ್ರತಿಗಳಲ್ಲಿ ಇತ್ತು. ಒಡೆಯರು ಬೇಡವೆಂದು ಬಿಟ್ಟ ಭಾಗವನ್ನು ಬೇಕಾದವರು ಯಾರ ಅಪ್ಪಣೆಯೂ ಇಲ್ಲದೆ ಬಳಸಿದರು.

ಬೇರೆ ಭಾಷೆಗಳೂ ಈ ಹಾದಿ ಹಿಡಿದಿವೆ. ಮೈಕ್ರೋಸಾಫ್ಟ್ 2014ರಲ್ಲಿ ಸಿ-ಶಾರ್ಪ್ ಕಂಪೈಲರನ್ನೂ ಡಾಟ್‌ನೆಟ್‌ನ ತಿರುಳನ್ನೂ ತೆರೆದಿಟ್ಟಿತು. ಆದರೆ 2021ರಲ್ಲಿ, ಪ್ರೋಗ್ರಾಮ್ ಓಡುತ್ತಿರುವಾಗಲೇ ಕೋಡ್ ಬದಲಿಸುವ ಹಾಟ್ ರಿಲೋಡ್ ಸೌಲಭ್ಯವನ್ನು ಮುಕ್ತ ಕೋಡಿನಿಂದ ತೆಗೆದು ತನ್ನ ವಿಷುಯಲ್ ಸ್ಟುಡಿಯೋಗೆ ಮೀಸಲಿಡಲು ಹೋಗಿ, ಬಳಕೆದಾರರು ತಿರುಗಿಬಿದ್ದ ಮೇಲೆ ಹಿಂದೆ ಸರಿಯಿತು. ಆಪಲ್ 2015ರ ಡಿಸೆಂಬರ್‌ನಲ್ಲಿ ಸ್ವಿಫ್ಟ್ ಅನ್ನು ಅಪಾಚೆ ಪರವಾನಗಿಯಲ್ಲಿ ಬಿಡುಗಡೆ ಮಾಡಿತು; ಭಾಷೆಯ ಬದಲಾವಣೆಗಳನ್ನು ಬಹಿರಂಗ ಪ್ರಸ್ತಾವಗಳಾಗಿ ಚರ್ಚಿಸುವ ಪದ್ಧತಿ ತಂದದ್ದು ಮೆಚ್ಚತಕ್ಕದ್ದು.

ಹತ್ತಾರು ವರ್ಷ ಬಾಳಬೇಕಾದ ಕೆಲಸಕ್ಕೆ ಭಾಷೆ ಆರಿಸುವಾಗ ನಾನು ಪರವಾನಗಿಯ ಹೆಸರು ನೋಡಿ ಸುಮ್ಮನಾಗುವುದಿಲ್ಲ. ಒಡೆಯರನ್ನು ಬಿಟ್ಟು ಬೇರೆ ಯಾರಾದರೂ ಅದನ್ನು ಪೂರ್ತಿಯಾಗಿ ಕಟ್ಟಿ ಹಂಚುತ್ತಿದ್ದಾರೆಯೇ, ಹಳೆಯ ಆವೃತ್ತಿಗೆ ಭದ್ರತಾ ತಿದ್ದುಪಡಿ ಕೊಡುವವರು ಒಬ್ಬರಿಗಿಂತ ಹೆಚ್ಚಿದ್ದಾರೆಯೇ, ಡೀಬಗರ್‌ನಂಥ ಉಪಕರಣಗಳ ಮೇಲೆ ಬೇರೆ ಷರತ್ತುಗಳಿವೆಯೇ, ಹೊಂದಾಣಿಕೆ ಪರೀಕ್ಷೆ ಎಲ್ಲರ ಕೈಗೆ ಸಿಗುತ್ತದೆಯೇ ಎಂದು ವಿಚಾರಿಸುತ್ತೇನೆ. ಮೊದಲೆರಡಕ್ಕೆ ಜಾವಾ ಕೊಡುವ ಉತ್ತರ ಇಂದು ಉಳಿದ ಬಹಳಷ್ಟು ಭಾಷೆಗಳಿಗಿಂತ ಗಟ್ಟಿಯಾಗಿದೆ.

ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಇನ್ನೂ ಅರೆಬರೆ. ಓಪನ್‌ಜೆಡಿಕೆಯಿಂದಲೇ ಹುಟ್ಟಿದ ಜಾವಾ ಕಟ್ಟುವವರಿಗೆ ಟಿಸಿಕೆ ಸಿಗುತ್ತದೆ, ಒರಾಕಲ್‌ನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರೆ. ಹಾರ್ಮನಿಯಂತೆ ಸ್ವತಂತ್ರವಾಗಿ ಬರೆಯಲು ಹೊರಡುವವರಿಗೆ ಆ ಬಾಗಿಲು ಇಲ್ಲ. ಎಕ್ಲಿಪ್ಸ್ ಬಳಗ ತನ್ನದೇ ಮುಕ್ತ ಪರೀಕ್ಷೆಗಳ ಸಂಗ್ರಹವನ್ನು ಕಟ್ಟಿ ಬೆಳೆಸುತ್ತಿದೆ, ಅದು ಗುಣಮಟ್ಟ ಅಳೆಯಲು ಒಳ್ಳೆಯ ಸಾಧನ. ಜಾವಾ ಎಂಬ ಹೆಸರಿಗೆ ಅರ್ಹತೆ ಕೊಡುವ ಅಧಿಕಾರ ಅದಕ್ಕಿಲ್ಲ. ಟಿಸಿಕೆಯನ್ನೂ ಅದೇ ಜಿಪಿಎಲ್‌ನಲ್ಲಿ ಬಿಡುಗಡೆ ಮಾಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹೊಂದಿಕೆಯಾಗದ ಜಾವಾಗಳು ಹುಟ್ಟಬಾರದು ಎಂಬುದೇ ಕಾಳಜಿಯಾದರೆ, ಹೊಂದುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳುವ ಸಾಧನ ಪ್ರತಿಯೊಬ್ಬರ ಬಳಿಯೂ ಇರುವುದರಿಂದ ಆ ಕಾಳಜಿಗೆ ಬಲ ಬರುತ್ತದೆಯೇ ಹೊರತು ಧಕ್ಕೆಯಾಗುವುದಿಲ್ಲ.