ಟಿ.ವಿ. ಕೊಳ್ಳುವ ಮುಹೂರ್ತ ಎಲ್ಲಿದೆ?

ನನ್ನ ಭಾವನವರು ಮೂರು ವರ್ಷದಿಂದ ಹೊಸ ಟಿ.ವಿ. ಕೊಳ್ಳಬೇಕೆಂದಿದ್ದಾರೆ. ಯುಗಾದಿಗೆ ತರೋಣ ಎಂದರು, ಆಗಲಿಲ್ಲ. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ವಸ್ತು ಮನೆಗೆ ತರಬಾರದೆಂದು ಅಕ್ಕ ತಡೆದಳು. ಆಯುಧಪೂಜೆಗೆ ಅಂಗಡಿಯವರೆಗೂ ಹೋದವರು ‘ಇನ್ನು ಆರು ತಿಂಗಳು ಕಾದರೆ ಇನ್ನೂ ಅಗ್ಗವಾಗುತ್ತದಂತೆ’ ಎಂದು ಬರಿಗೈಯಲ್ಲಿ ಮರಳಿದರು. ಕಡೆಗೆ ನನ್ನನ್ನು ಕೇಳಿದರು: ‘ವಿಜ್ಞಾನ ಓದಿದವನು ನೀನು. ಯಾವಾಗ ಕೊಳ್ಳಬೇಕು ಹೇಳು.’

ಪಂಚಾಂಗದಲ್ಲಿ ಇದಕ್ಕೆ ಉತ್ತರವಿಲ್ಲ ಎಂಬುದನ್ನು ಭಾವನವರೂ ಒಪ್ಪುತ್ತಾರೆ. ಆಷಾಢದಲ್ಲಿ ಗಿರಾಕಿಗಳು ಬಾರದಿರುವುದರಿಂದಲೇ ಅಂಗಡಿಗಳು ರಿಯಾಯಿತಿ ಕೊಡುತ್ತವೆ. ಅಶುಭವೆಂದು ಬಿಟ್ಟ ತಿಂಗಳೇ ಎಷ್ಟೋ ಸಲ ಜೇಬಿಗೆ ಶುಭ. ನನ್ನನ್ನು ಹೆಚ್ಚು ಕಾಡುವುದು ಎರಡನೆಯ ನಂಬಿಕೆ, ಕಾದರೆ ತಾನಾಗಿ ಅಗ್ಗವಾಗುತ್ತದೆ ಎಂಬುದು. ಓದಿದವರೂ ಇದನ್ನು ಪ್ರಕೃತಿನಿಯಮದಂತೆ ಹೇಳುತ್ತಾರೆ. ಆದರೆ ಬೆಲೆ ಇಳಿಸುವ ಶಕ್ತಿ ಕಾಲಕ್ಕಿಲ್ಲ. 2020ರ ಮಧ್ಯದಿಂದ ಸುಮಾರು ಒಂದು ವರ್ಷ ಟಿ.ವಿ. ಪರದೆಗಳ ಬೆಲೆ ಏರುತ್ತಲೇ ಹೋಯಿತು. ಕೋವಿಡ್ ಕಾಲದಲ್ಲಿ ಜಗತ್ತೆಲ್ಲ ಮನೆಯೊಳಗೆ ಕುಳಿತು ಪರದೆಗಳನ್ನು ಕೊಂಡಿತು. ಆ ವರ್ಷ ಕಾದವರು ಹೆಚ್ಚು ಹಣ ತೆತ್ತರು.

ಹಾಗಾದರೆ ಬೆಲೆ ಇಳಿಸುವುದು ಯಾವುದು? ಇದಕ್ಕೆ ಮೊದಲು ಲೆಕ್ಕ ಕೊಟ್ಟವರು ಟಿ.ವಿ.ಯವರಲ್ಲ, ಅಮೆರಿಕದ ವಿಮಾನ ಎಂಜಿನಿಯರ್ ಥಿಯೊಡೋರ್ ರೈಟ್. (ಮೊದಲ ವಿಮಾನ ಹಾರಿಸಿದ ರೈಟ್ ಸಹೋದರರಿಗೂ ಇವರಿಗೂ ಸಂಬಂಧವಿಲ್ಲ.) 1936ರ ಪ್ರಬಂಧವೊಂದರಲ್ಲಿ ಅವರು ವಿಮಾನ ಕಟ್ಟಲು ತಗಲುವ ಕೂಲಿಯ ಲೆಕ್ಕ ಬರೆದರು. ಅದುವರೆಗೆ ಕಟ್ಟಿದ ವಿಮಾನಗಳ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದು ವಿಮಾನಕ್ಕೆ ಬೀಳುವ ಕೂಲಿ ಸುಮಾರು ಶೇ 20ರಷ್ಟು ಇಳಿಯುತ್ತಿತ್ತು. ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಎಷ್ಟು ಪಾಲು ಇಳಿಯಿತೋ, ಸಾವಿರದಿಂದ ಎರಡು ಸಾವಿರಕ್ಕೆ ಹೋದಾಗಲೂ ಅಷ್ಟೇ ಪಾಲು. ಕೈ ಪಳಗುತ್ತದೆ, ತಪ್ಪು ಕಡಿಮೆಯಾಗುತ್ತದೆ, ಯಾವ ತಿರುಪನ್ನು ಮೊದಲು ಬಿಗಿಯಬೇಕೆಂದು ತಿಳಿಯುತ್ತದೆ. ಈ ವೇಗ ಎಲ್ಲ ವಸ್ತುಗಳಿಗೂ ಒಂದೇ ಅಲ್ಲ, ಆದರೆ ಈ ಇಳಿಕೆಯ ರೂಪ ಬಹಳಷ್ಟು ತಯಾರಿಕೆಗಳಲ್ಲಿ ಮರಳಿ ಮರಳಿ ಕಾಣುತ್ತದೆ. ಹತ್ತು ಸಲ ಇಮ್ಮಡಿಯಾದರೆ, ಅಂದರೆ ಸಾವಿರ ಪಟ್ಟಾದರೆ, ಖರ್ಚು ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಬರುತ್ತದೆ. ಈ ಸೂತ್ರದಲ್ಲಿ ತಿಂಗಳಿಲ್ಲ, ವರ್ಷವಿಲ್ಲ. ಮಾಡಿದ ಕೆಲಸದ ಮೊತ್ತ ಮಾತ್ರ ಇದೆ. ಎಲ್ಲರೂ ಕಾಯುತ್ತ ಕುಳಿತರೆ ಬೆಲೆ ಇಳಿಯುವುದೇ ಇಲ್ಲ.

ಪರದೆಯ ಕಾರ್ಖಾನೆಯಲ್ಲಿ ಈ ಕಲಿಕೆ ನಡೆಯುವುದು ಗಾಜಿನ ಮೇಲೆ. ಇದು ನನಗೆ ಅತಿ ಪ್ರಿಯವಾದ ಭಾಗ, ಸ್ವಲ್ಪ ಸಾವಕಾಶವಾಗಿಯೇ ಹೇಳುತ್ತೇನೆ.

ಎಲ್‌ಸಿಡಿ ಪರದೆಗಳನ್ನು, ಅಂದರೆ ಎರಡು ಗಾಜುಗಳ ನಡುವೆ ದ್ರವಸ್ಫಟಿಕ ತುಂಬಿದ ಇಂದಿನ ಸಾಮಾನ್ಯ ಟಿ.ವಿ. ಪರದೆಗಳನ್ನು, ಒಂದೊಂದಾಗಿ ಮಾಡುವುದಿಲ್ಲ. ದೊಡ್ಡ ಗಾಜಿನ ಹಾಳೆಯೊಂದರ ಮೇಲೆ ಹಲವು ಪರದೆಗಳನ್ನು ಒಟ್ಟಿಗೆ ರೂಪಿಸಿ ಆಮೇಲೆ ಕತ್ತರಿಸುತ್ತಾರೆ. ಅದನ್ನು ತಾಯಿಗಾಜು ಎನ್ನೋಣ. ಈ ತಾಯಿಗಾಜುಗಳಿಗೆ ತಲೆಮಾರುಗಳಿವೆ. ಮೊದಲ ತಲೆಮಾರಿನದು ಸುಮಾರು 30 ಸೆಂಟಿಮೀಟರ್‌ಗೆ 40 ಸೆಂಟಿಮೀಟರ್, ಒಂದು ಊಟದ ತಟ್ಟೆಯಷ್ಟು. ಎಂಟೂವರೆಯ ತಲೆಮಾರಿನದು 2.2 ಮೀಟರ್‌ಗೆ 2.5 ಮೀಟರ್. ಹತ್ತೂವರೆಯ ತಲೆಮಾರಿನದು 2.94 ಮೀಟರ್‌ಗೆ 3.37 ಮೀಟರ್, ಬೆಂಗಳೂರಿನ ಬಾಡಿಗೆ ಮನೆಯ ಮಲಗುವ ಕೋಣೆಯ ನೆಲವನ್ನು ಪೂರ್ತಿ ಮುಚ್ಚುವಷ್ಟು ಅಗಲ, ದಪ್ಪ ಮಾತ್ರ ಒಂದು ಮಿಲಿಮೀಟರಿಗೂ ಕಡಿಮೆ. ಚಿಕ್ಕ ಕಾವಲಿಯಲ್ಲಿ ಒಂದು ದೋಸೆ ಹುಯ್ಯಲು ಎಷ್ಟು ಹೊತ್ತು ನಿಲ್ಲಬೇಕೋ, ಹೋಟೆಲಿನ ದೊಡ್ಡ ಕಲ್ಲಿನ ಮುಂದೆ ಹನ್ನೆರಡು ದೋಸೆಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಗಾಜನ್ನು ತೊಳೆಯುವುದು, ಪದರ ಹಚ್ಚುವುದು, ಬೆಳಕಿನಿಂದ ಚಿತ್ರ ಕೊರೆಯುವುದು, ಬೇಡದ್ದನ್ನು ಕರಗಿಸುವುದು, ಯಾವ ಹಂತವೂ ಗಾಜು ದೊಡ್ಡದಾದಷ್ಟೇ ಪಟ್ಟು ನಿಧಾನವಾಗುವುದಿಲ್ಲ.

ಇಲ್ಲಿ ದರ್ಜಿಯ ಲೆಕ್ಕವೂ ಬರುತ್ತದೆ. ಬಟ್ಟೆಯ ಪನ್ನ ಹೊಂದದಿದ್ದರೆ ಅರ್ಧ ಬಟ್ಟೆ ಚಿಂದಿಗೆ ಹೋಗುತ್ತದೆ. ಎಂಟೂವರೆಯ ತಲೆಮಾರಿನ ಗಾಜಿನಲ್ಲಿ 55 ಅಂಗುಲದ ಆರು ಪರದೆಗಳು ಅಚ್ಚುಕಟ್ಟಾಗಿ ಕೂರುತ್ತವೆ, 65 ಅಂಗುಲದವು ಮೂರೇ. ಮೂರನೇ ಒಂದು ಭಾಗಕ್ಕೂ ಹೆಚ್ಚು ಗಾಜು ಉಳಿದುಬಿಡುತ್ತದೆ. (ಜಾಣ ದರ್ಜಿ ಉಳಿದ ತುಂಡಿನಲ್ಲಿ ರವಿಕೆ ಹೊಲಿದಂತೆ ಆ ಜಾಗದಲ್ಲಿ 32 ಅಂಗುಲದ ಪರದೆಗಳನ್ನು ತೆಗೆಯುವ ಉಪಾಯವನ್ನೂ ಕಂಡುಕೊಂಡರು.) ಹತ್ತೂವರೆಯ ಗಾಜಿನಲ್ಲಾದರೆ 65 ಅಂಗುಲದವು ಎಂಟು ಕೂರುತ್ತವೆ, ವ್ಯರ್ಥವಾಗುವುದು ಹದಿನಾರನೇ ಒಂದು ಭಾಗದಷ್ಟು. ಇಂಥ ಮೊದಲ ಕಾರ್ಖಾನೆಯನ್ನು ಚೀನಾದ ಬಿಒಇ ಕಂಪನಿ ಹೆಫೆ ನಗರದಲ್ಲಿ ಕಟ್ಟಿತು. 65 ಅಂಗುಲದ ಟಿ.ವಿ. ಮಧ್ಯಮವರ್ಗದ ಮನೆಯ ಮಾತಾದದ್ದು ಅದರ ನಂತರ. ಭಾವನವರು ಹುಡುಕುತ್ತಿದ್ದ ಮುಹೂರ್ತ ಅಲ್ಲಿತ್ತು, ಗಾಜಿನ ಅಳತೆಯಲ್ಲಿ.

ಇನ್ನು ಧೂಳು. ತಾರಸಿಯ ಮೇಲೆ ಸಂಡಿಗೆ ಒಣಗಿಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸೀರೆಯ ಮೇಲೆ ಮುನ್ನೂರು ಸಂಡಿಗೆ ಇಟ್ಟಿದ್ದೀರಿ, ಹತ್ತು ಕಡೆ ಕಾಗೆ ಕುಕ್ಕಿತು, 290 ಉಳಿಯುತ್ತವೆ. ಅದೇ ಹಿಟ್ಟಿನಲ್ಲಿ ಎಂಟೇ ಎಂಟು ದೊಡ್ಡ ಹಪ್ಪಳ ಮಾಡಿ, ಕಾಗೆ ಅದೇ ಹತ್ತು ಕಡೆ ಎಲ್ಲೆಂದರಲ್ಲಿ ಕುಕ್ಕಿದರೆ? ಸಂಭವನೀಯತೆಯ ಗಣಿತದಂತೆ ಸರಾಸರಿ ಎರಡು ಹಪ್ಪಳ ಉಳಿಯುತ್ತವೆ. ಪರದೆಯ ಗಾಜಿಗೆ ಧೂಳಿನ ಕಣವೇ ಆ ಕಾಗೆ. 4ಕೆ ಪರದೆಯೊಂದರಲ್ಲಿ 82,94,400 ಚಿತ್ರಬಿಂದುಗಳಿವೆ, ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಕಿಂಡಿಗಳು. ಕಿಂಡಿಗೊಂದರಂತೆ ಒಟ್ಟು ಎರಡೂವರೆ ಕೋಟಿಯಷ್ಟು ಟ್ರಾನ್ಸಿಸ್ಟರುಗಳು, ಅಂದರೆ ಅತಿ ಸಣ್ಣ ವಿದ್ಯುತ್ ಸ್ವಿಚ್ಚುಗಳು, ಗಾಜಿನ ಮೇಲೆ ನಿಲ್ಲಬೇಕು. ಚುಕ್ಕಿ ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಎಳೆ ಇಡೀ ಅಂಗಳದಲ್ಲಿ ದಾರಿ ತಪ್ಪುವಂತೆ, ಒಂದು ಸಾಲಿನ ತಂತಿ ಕಡಿದರೆ ಪರದೆಯುದ್ದಕ್ಕೂ ಗೆರೆ ಮೂಡುತ್ತದೆ. ಸಣ್ಣ ದೋಷಗಳನ್ನು ಲೇಸರಿನಿಂದ ಸರಿಪಡಿಸುತ್ತಾರೆ, ದೊಡ್ಡವು ರದ್ದಿಗೆ.

ಈಗ ಕಾರ್ಖಾನೆಯವರು ಗಾಳಿ ಸೋಸಿ, ಯಂತ್ರ ತಿದ್ದಿ, ಹತ್ತು ಕಾಗೆಗಳನ್ನು ಐದಕ್ಕೆ ಇಳಿಸಿದರು ಎನ್ನಿ. ಉಳಿಯುವ ಹಪ್ಪಳ ಎರಡರಿಂದ ನಾಲ್ಕಾಗುತ್ತದೆ. ಅದೇ ಗಾಜು, ಅದೇ ಕರೆಂಟು, ಅದೇ ಸಂಬಳ, ಸರಕು ಇಮ್ಮಡಿ! ಒಂದಕ್ಕೆ ಇಳಿಸಿದರೆ ಏಳು. ಅಲ್ಲಿಂದ ಮುಂದೆ ಎಷ್ಟು ಬೆವರು ಸುರಿಸಿದರೂ ಎಂಟಕ್ಕಿಂತ ಹೆಚ್ಚು ಬರುವುದಿಲ್ಲ. ಹೊಸ ತಂತ್ರಜ್ಞಾನದ ಬೆಲೆ ಮೊದಲು ಧುಮುಕಿ ಆಮೇಲೆ ತೆವಳುವುದಕ್ಕೆ ಇದೊಂದು ದೊಡ್ಡ ಕಾರಣ. ದ್ರವಸ್ಫಟಿಕ ತುಂಬುವ ಕ್ರಮದಲ್ಲೂ ಇಂಥ ಒಂದು ಜಿಗಿತ ಇತ್ತು. ಮೊದಲು ಎರಡು ಗಾಜುಗಳನ್ನು ಅಂಟಿಸಿ, ಮೂಲೆಯ ಕಿಂಡಿಯಿಂದ ದ್ರವವನ್ನು ಒಳಗೆ ಹೀರಿಸುತ್ತಿದ್ದರು; ಗಾಜುಗಳ ನಡುವಿನ ಸಂದು ಮೂರು ನಾಲ್ಕು ಮೈಕ್ರೊಮೀಟರ್ ಮಾತ್ರವಾದ್ದರಿಂದ ದೊಡ್ಡ ಪರದೆಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಆಮೇಲೆ ಕಣಕದ ಮೇಲೆ ಹೂರಣ ಇಟ್ಟು ಹೋಳಿಗೆ ಮುಚ್ಚುವಂತೆ, ಗಾಜಿನ ಮೇಲೆ ಮೊದಲೇ ಹನಿಗಳನ್ನು ಇಟ್ಟು ಇನ್ನೊಂದು ಗಾಜನ್ನು ಮುಚ್ಚುವ ಕ್ರಮ ಬಂತು. ದಿನಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ಇದರಿಂದ ಕೊಳ್ಳುವವನಿಗೆ ಒಂದು ಸೂಚನೆ ಸಿಗುತ್ತದೆ. ಒಟ್ಟು ತಯಾರಿಕೆ ಬೇಗ ಬೇಗ ಇಮ್ಮಡಿಯಾಗುತ್ತಿರುವ ವಸ್ತು ನಾಳೆ ಅಗ್ಗವಾಗುತ್ತದೆ. ಎಲ್‌ಜಿ ಕಂಪನಿಯ 55 ಅಂಗುಲದ ಒಎಲ್‌ಇಡಿ ಟಿ.ವಿ. (ಪ್ರತಿ ಬಿಂದುವೂ ತಾನೇ ಬೆಳಗುವ ಹೊಸ ಬಗೆಯ ಪರದೆ) 2013ರಲ್ಲಿ ಅಮೆರಿಕದಲ್ಲಿ ಸುಮಾರು 15,000 ಡಾಲರ್‌ಗೆ ಬಂತು. ನಾಲ್ಕೈದು ವರ್ಷಗಳಲ್ಲಿ 2,000 ಡಾಲರ್ ಆಸುಪಾಸಿಗೆ ಇಳಿಯಿತು. ಅಲ್ಲಿ ಕಾದವರು ಜಾಣರು. ಆದರೆ ಸಾಮಾನ್ಯ ಎಲ್‌ಸಿಡಿ ಟಿ.ವಿ.? ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಕೋಟಿ ಟಿ.ವಿ.ಗಳು ಮಾರಾಟವಾಗುತ್ತವೆ, ಈಗಾಗಲೇ ಮಾಡಿ ಮುಗಿಸಿದ್ದು ನೂರಾರು ಕೋಟಿ. ಆ ಮೊತ್ತ ಇನ್ನೊಮ್ಮೆ ಇಮ್ಮಡಿಯಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಆರು ತಿಂಗಳು ಕಾದು ಯಾವ ಪವಾಡವನ್ನು ನಿರೀಕ್ಷಿಸೋಣ? ಇಂಥ ವಸ್ತುವಿನ ಬೆಲೆಯನ್ನು ವಿಜ್ಞಾನಕ್ಕಿಂತ ಒಂದು ಸರ್ಕಾರಿ ಆದೇಶವೇ ಹೆಚ್ಚು ಅಲುಗಿಸುತ್ತದೆ. 2025ರ ಸೆಪ್ಟೆಂಬರ್ 22ರಂದು 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು; ಅಂದರೆ ರೂಪಾಯಿಗೆ ಸುಮಾರು ಎಂಟು ಪೈಸೆಯ ಇಳಿಕೆ, ಒಂದೇ ರಾತ್ರಿಯಲ್ಲಿ.

ಇದೆಲ್ಲವನ್ನೂ ಭಾವನವರಿಗೆ ಹೇಳುತ್ತಿದ್ದಾಗ ನನಗೆ ನೆನಪಾದದ್ದು ಎಂಬತ್ತರ ದಶಕದ ನಮ್ಮ ಬೀದಿ. ಭಾರತದಲ್ಲಿ ಬಣ್ಣದ ಪ್ರಸಾರ ಶುರುವಾದದ್ದು 1982ರಲ್ಲಿ. ಅದರ ಹಿಂದೆಯೇ ವಿಡಿಯೊ ಕ್ಯಾಸೆಟ್ ಬಂತು. ಕೊಳ್ಳುವ ಶಕ್ತಿ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಮನೆಗಿಷ್ಟು ಎಂದು ವಂತಿಗೆ ಎತ್ತಿ, ಒಂದು ರಾತ್ರಿಗೆ ಬಣ್ಣದ ಟಿ.ವಿ.ಯನ್ನೂ ಕ್ಯಾಸೆಟ್ ಓಡಿಸುವ ವಿಸಿಪಿ ಪೆಟ್ಟಿಗೆಯನ್ನೂ ಬಾಡಿಗೆಗೆ ತರುತ್ತಿದ್ದರು. ಜಗಲಿಯ ಮೇಲೆ ಇಟ್ಟು, ಬೆಳಗಿನವರೆಗೆ ಮೂರು ಸಿನಿಮಾ. ಆ ಪೆಟ್ಟಿಗೆಯೊಳಗೆ ಟೇಪು ಸೆಕೆಂಡಿಗೆ 2.3 ಸೆಂಟಿಮೀಟರ್ ಮಾತ್ರ ತೆವಳುತ್ತಿತ್ತು, ಅದಕ್ಕೆ ಓರೆಯಾಗಿ ನಿಂತ ಡ್ರಮ್ಮು ನಿಮಿಷಕ್ಕೆ 1,500 ಸಲ ತಿರುಗುತ್ತ ಪ್ರತಿ ಸುತ್ತಿಗೆ ಒಂದು ಪೂರ್ಣ ಚಿತ್ರವನ್ನು ಓದುತ್ತಿತ್ತು ಎಂದು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. 1956ರಲ್ಲಿ ಆಂಪೆಕ್ಸ್ ಕಂಪನಿ ಹೊರತಂದ ಮೊದಲ ವೃತ್ತಿಪರ ವಿಡಿಯೊ ರೆಕಾರ್ಡರಿಗೆ 50,000 ಡಾಲರ್ ಬೆಲೆ ಇತ್ತು, ಅದು ಅಲಮಾರಿಯಷ್ಟು ದೊಡ್ಡದು. ಅದೇ ವಂಶದ ಯಂತ್ರ ನಮ್ಮ ಜಗಲಿಗೆ ಬಂದಿತ್ತು.

ನಮ್ಮ ಬೀದಿಯವರ ಲೆಕ್ಕ ಅತ್ಯಂತ ಸರಿಯಾದ ಲೆಕ್ಕ ಎಂದು ಈಗ ಅನ್ನಿಸುತ್ತದೆ. ಬೆಲೆ ವೇಗವಾಗಿ ಬೀಳುತ್ತಿರುವ ವಸ್ತುವನ್ನು ಕೊಳ್ಳದೆ ಹಂಚಿಕೊಂಡು ಬಳಸಿದರು. ಅದಕ್ಕೂ ಮುನ್ನ, 1975–76ರಲ್ಲಿ, ಸೈಟ್ ಎಂಬ ಉಪಗ್ರಹ ಪ್ರಯೋಗ ಇದನ್ನೇ ದೇಶದ ಮಟ್ಟದಲ್ಲಿ ಮಾಡಿತ್ತು: ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಊರಿಗೊಂದು ಟಿ.ವಿ., ನಮ್ಮ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು.

ಕೊಂಡ ವಸ್ತುವಿಗೂ ನಾವು ಬಾಡಿಗೆ ಕಟ್ಟುತ್ತಲೇ ಇರುತ್ತೇವೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಎರಡು ಲಕ್ಷ ರೂಪಾಯಿಯ ಹೊಸ ಬಗೆಯ ಟಿ.ವಿ. ವರ್ಷಕ್ಕೆ ಶೇ 30ರಷ್ಟು ಅಗ್ಗವಾಗುತ್ತಿದೆ ಎಂದುಕೊಳ್ಳಿ. ಕಾಯದೆ ಇಂದೇ ಕೊಂಡರೆ ಮೊದಲ ವರ್ಷಕ್ಕೆ ತೆರುವುದು 60,000, ತಿಂಗಳಿಗೆ 5,000. ಮೂವತ್ತು ಸಾವಿರದ ಟಿ.ವಿ. ವರ್ಷಕ್ಕೆ ಶೇ 10ರಷ್ಟು ಇಳಿಯುತ್ತಿದ್ದರೆ ತಿಂಗಳಿಗೆ 250, ದಿನಕ್ಕೆ ಎಂಟು ರೂಪಾಯಿ. ‘ಭಾವ, ಸಂಜೆ ಮನೆಯವರೆಲ್ಲ ಕೂತು ನೋಡುವುದಕ್ಕೆ ದಿನಕ್ಕೆ ಎಂಟು ರೂಪಾಯಿ ಕೊಡುತ್ತೀರಾ?’ ಎಂದೆ. ‘ಒಂದು ಕಾಫಿಗೂ ಸಾಲದು’ ಎಂದರು. ಮೂರು ವರ್ಷ ಅವರು ಉಳಿಸಿದ್ದು ಅದನ್ನೇ.

ಅಗ್ಗವಾಗುವುದು ಯಾವಾಗಲೂ ಒಳ್ಳೆಯ ಲಕ್ಷಣವಲ್ಲ ಎಂಬುದನ್ನೂ ಹೇಳಬೇಕು. ಬ್ಲೂ-ರೇ ಎಂಬ ಸಿನಿಮಾ ಡಿಸ್ಕಿನ ಜೊತೆ ಪೈಪೋಟಿಗಿಳಿದಿದ್ದ ಎಚ್‌ಡಿ ಡಿವಿಡಿ ಎಂಬ ಇನ್ನೊಂದು ಬಗೆಯ ಡಿಸ್ಕನ್ನು ತೋಷಿಬಾ 2008ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಆಮೇಲೆ ಅದರ ಪ್ಲೇಯರು ಎಷ್ಟು ಅಗ್ಗವಾಗಿ ಸಿಕ್ಕರೂ ಹಾಕಲು ಹೊಸ ಡಿಸ್ಕ್ ಇರಲಿಲ್ಲ.

ಇನ್ನು 8ಕೆ, ಅಂದರೆ 4ಕೆಯ ನಾಲ್ಕು ಪಟ್ಟು ಚಿತ್ರಬಿಂದುಗಳಿರುವ ಪರದೆ. ಅಂಗಡಿಯವರು ದೊಡ್ಡ ಸಂಖ್ಯೆ ತೋರಿಸಿ ಭಾವನವರನ್ನು ಹೆದರಿಸಿದ್ದರು: ‘ಈಗ 4ಕೆ ತೆಗೆದುಕೊಂಡರೆ ನಾಳೆ ಹಳತಾಗುತ್ತದೆ.’ ಹಳತಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಕಣ್ಣು. ಕಣ್ಣಿನ ವೈದ್ಯರ ಗೋಡೆಯ ಫಲಕದಲ್ಲಿ ಆರಕ್ಕೆ ಆರು ದೃಷ್ಟಿ ಎಂದರೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬಿಡಿಸಿ ನೋಡಬಲ್ಲ ಶಕ್ತಿ. ಎಂಟು ಅಡಿ ದೂರದಲ್ಲಿ ಅದು ಸುಮಾರು 0.7 ಮಿಲಿಮೀಟರ್. 43 ಅಂಗುಲದ ಫುಲ್ ಎಚ್‌ಡಿ ಪರದೆಯ ಬಿಂದು 0.5 ಮಿಲಿಮೀಟರ್, ಅದನ್ನೇ ಕಣ್ಣು ಅಲ್ಲಿಂದ ಬಿಡಿಸಲಾರದು. 4ಕೆ ಬಿಂದು ಅದರ ಅರ್ಧ. 65 ಅಂಗುಲದ 8ಕೆ ಪರದೆಯ ಪೂರ್ತಿ ಸೂಕ್ಷ್ಮವನ್ನು ನೋಡಬೇಕಾದರೆ ಎರಡು ಅಡಿ ಹತ್ತಿರ ಮೂಗು ಒಯ್ಯಬೇಕು. ನಮಗೆ ನಿಜವಾಗಿ ಕಾಣುವುದು ಕಪ್ಪು ಎಷ್ಟು ಕಪ್ಪಾಗಿದೆ, ಬೆಳಕು ಎಷ್ಟು ಹೊಳೆಯುತ್ತದೆ ಎಂಬುದು. ಒಎಲ್‌ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಉರಿದು ತಾನೇ ಆರುವುದರಿಂದ ಅದರ ಕಪ್ಪು ಅಮಾವಾಸ್ಯೆಯ ಕಪ್ಪು. ಹೆಚ್ಚು ಹಣ ಕೊಡುವುದಾದರೆ ಅದಕ್ಕೆ ಕೊಡಬಹುದು.

ಅಕ್ಕನ ಹೊಲಿಗೆ ಯಂತ್ರದ ಡ್ರಾಯರಿನಿಂದ ಟೇಪು ತಂದು ಸೋಫಾದಿಂದ ಗೋಡೆಗೆ ಅಳೆದೆವು. ಎಂಟು ಅಡಿ ಎರಡು ಅಂಗುಲ. ಭಾವನವರು ಟೇಪನ್ನು ಸುತ್ತುತ್ತ ‘43 ಸಾಕು’ ಎಂದರು, ‘ನಾಳೆಯೇ ಹೋಗೋಣ’ ಎಂದು ಅಕ್ಕನ ಕಡೆ ನೋಡಿದರು. ನಾಳೆ ಮಂಗಳವಾರ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆಯ ಟಿ.ವಿ.ಯ ಮೇಲಿದ್ದ ಗೊಂಬೆಗಳನ್ನು ಒಂದೊಂದಾಗಿ ಇಳಿಸತೊಡಗಿದಳು.